ಹಂಚುವ ಬ್ರಷ್ ಯಾರ ಬಾಯಿಯ ಅಳತೆಯದು?

ಉಚಿತವಾಗಿ ಹಂಚುವ ಸಾಮಾನುಗಳ ಪಟ್ಟಿಗೆ ಹಲ್ಲುಜ್ಜುವ ಬ್ರಷ್ಷೂ ಸೇರಿದೆ. ಮೊದಲೆಲ್ಲ ನೋಟ್‌ಬುಕ್ಕು, ಪೆನ್ನು, ಸ್ಟೀಲ್ ತಟ್ಟೆ, ಗೋಡೆ ಕ್ಯಾಲೆಂಡರು ಇಷ್ಟೇ ಇದ್ದವು. ಈಗ ಚಾಮರಾಜನಗರ, ಗುಂಡ್ಲುಪೇಟೆ ಕಡೆ ದಂತ ತಪಾಸಣಾ ಶಿಬಿರ ನಡೆದರೆ, ಸಂಘ ಸಂಸ್ಥೆಯೊಂದರ ವಾರ್ಷಿಕೋತ್ಸವವಾದರೆ, ಹೊಸ ಔಷಧಿ ಅಂಗಡಿ ಬಾಗಿಲು ತೆರೆದರೆ ಬ್ರಷ್ ಕೊಡುವುದು ರೂಢಿಗೆ ಬರುತ್ತಿದೆ. ಹಿಡಿಯ ಮೇಲೆ ಕೊಟ್ಟವರ ಹೆಸರು, ಗುರುತು, ಕೆಲವೊಮ್ಮೆ ಫೋನ್ ನಂಬರು. ಕಡಿಮೆ ಖರ್ಚಿನ, ದಿನವೂ ಕೈಗೆ ಬರುವ, ಯಾರೂ ಬೇಡವೆನ್ನದ ಕೊಡುಗೆ ಇದು. ಹಾಗಾಗಿಯೇ ಇದನ್ನು ಯಾರೂ ವಿಮರ್ಶೆಗೆ ಒಡ್ಡಿಲ್ಲ. ಆದರೆ ಬ್ರಷ್ಷು ಬಾಯಿಯೊಳಗೆ ಹೋಗುವ ವಸ್ತು. ಪೆನ್ನು ಸರಿಯಾಗಿ ಬರೆಯದಿದ್ದರೆ ಬಿಸಾಡಬಹುದು. ಅಳತೆ ತಪ್ಪಿದ ಬ್ರಷ್ಷನ್ನು ಮಗು ತಿಂಗಳುಗಟ್ಟಲೆ ಬಳಸುತ್ತದೆ, ಬಳಸಿದೆ ಎಂಬ ನೆಮ್ಮದಿಯಲ್ಲೇ ಹಲ್ಲು ಹುಳುಕಾಗುತ್ತದೆ.

ಕೊಡುವವರ ಮುಂದೆ ಬರುವ ಮೊದಲ ಆಯ್ಕೆ ದೊಡ್ಡವರ ಬ್ರಷ್ಷೋ ಮಕ್ಕಳ ಬ್ರಷ್ಷೋ ಎಂಬುದು. ಇದು ಖರೀದಿಯ ಸಣ್ಣ ವಿವರದಂತೆ ಕಾಣುತ್ತದೆ. ನನ್ನ ಮಟ್ಟಿಗೆ ಇಡೀ ಕೊಡುಗೆಯ ಬೆಲೆ ಕಟ್ಟಲು ಈ ಒಂದು ಆಯ್ಕೆ ಸಾಕು. ಕೊಡುಗೆಯನ್ನು ಹಲ್ಲಿಗಾಗಿ ಕೊಟ್ಟರೋ ಹೆಸರಿಗಾಗಿ ಕೊಟ್ಟರೋ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ.

ಗುಂಡ್ಲುಪೇಟೆ ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾನು ನೋಡಿದ ವಿತರಣೆಯ ಮಾತು ಹೇಳುತ್ತೇನೆ. ಒಂದನೇ ತರಗತಿಯಿಂದ ಏಳನೇ ತರಗತಿವರೆಗಿನ ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು. ಎಲ್ಲರಿಗೂ ಒಂದೇ ಬ್ರಷ್. ಉದ್ದನೆಯ ನೇರ ಹಿಡಿ, ಅದರ ಮೇಲೆ ಬಂಗಾರದ ಬಣ್ಣದ ಅಕ್ಷರ, ಅಗಲ ತಲೆ, ಕವರಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ‘ಮೀಡಿಯಂ’. ಮುಂದಿನ ಎರಡು ಹಲ್ಲು ಬಿದ್ದಿದ್ದ ಒಂದನೇ ತರಗತಿಯ ಹುಡುಗಿ ಕವರು ಹರಿದು ಅಲ್ಲೇ ಬಾಯಿಗಿಟ್ಟುಕೊಂಡಳು. ಬ್ರಷ್ಷಿನ ತಲೆ ಕೆನ್ನೆಗೆ ತಗಲಿ ನಿಂತಿತು, ಹಿಂದಕ್ಕೆ ಹೋಗಲಿಲ್ಲ. ಮುಂದಿನ ಹಲ್ಲುಗಳ ಮೇಲೆ ನಾಲ್ಕು ಸಲ ಆಡಿಸಿ ಮತ್ತೆ ಕವರಿಗೆ ಹಾಕಿದಳು. ಫೋಟೊ ತೆಗೆದಾಗ ಎಲ್ಲ ಮಕ್ಕಳೂ ಬ್ರಷ್ಷನ್ನು ಎತ್ತಿ ಹಿಡಿದಿದ್ದರು. ಹೆಸರು ಕ್ಯಾಮೆರಾ ಕಡೆಗೆ ಬರುವಂತೆ ಹಿಡಿಯಲು ಹೇಳಿಕೊಟ್ಟಿದ್ದರು. ಉಜ್ಜುವುದು ಹೇಗೆಂದು ಯಾರೂ ಹೇಳಿಕೊಡಲಿಲ್ಲ.

ಆ ಹುಡುಗಿಯ ಬಾಯಲ್ಲಿ ಆಗ ನಡೆಯುತ್ತಿದ್ದುದೇನು? ಆರು ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಸಾಲಿನ ಹಿಂದೆ ಮೊದಲ ಶಾಶ್ವತ ದವಡೆ ಹಲ್ಲು ಹುಟ್ಟುತ್ತದೆ. ಯಾವ ಹಲ್ಲೂ ಬೀಳದೆ ಹೊಸದಾಗಿ ಬರುವ ಹಲ್ಲಾದ್ದರಿಂದ ಎಷ್ಟೋ ತಂದೆ ತಾಯಿ ಇದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಹುಳುಕು ಬಿದ್ದರೂ ‘ಬಿದ್ದೋಗಿ ಬೇರೆ ಬತ್ತದೆ ಬುಡಿ’ ಅನ್ನುತ್ತಾರೆ. ಆದರೆ ಅದು ಬೀಳುವ ಹಲ್ಲಲ್ಲ. ಮಗು ಮುಂದೆ ಅರವತ್ತು ವರ್ಷ ಮುದ್ದೆ ನುಂಗಿ ರೊಟ್ಟಿ ಅಗಿಯಬೇಕಾದ ಹಲ್ಲು ಅದೇ. ಅದರ ಮೇಲ್ಮೈಯಲ್ಲಿ ಆಳವಾದ ಗೀರುಗಳಿರುತ್ತವೆ, ಅಗಿದದ್ದು ಅಲ್ಲಿ ಸಿಕ್ಕಿಕೊಳ್ಳುತ್ತದೆ, ಹುಳುಕು ಬೇಗ ಹಿಡಿಯುತ್ತದೆ. ಆ ವಯಸ್ಸಿನಲ್ಲಿ ಬ್ರಷ್ಷು ಮುಖ್ಯವಾಗಿ ತಲುಪಬೇಕಾದ ಜಾಗ ಅದೊಂದೇ.

ಇನ್ನು ಅಳತೆ ನೋಡಿ. ದೊಡ್ಡವರ ಬ್ರಷ್ಷಿನ ತಲೆ 25ರಿಂದ 32 ಮಿಲಿಮೀಟರ್ ಉದ್ದ, 8ರಿಂದ 9.5 ಮಿಲಿಮೀಟರ್ ಅಗಲ ಇರಬಹುದೆಂದು ದಂತವೈದ್ಯದ ಪಠ್ಯಗಳು ಹೇಳುತ್ತವೆ. ಮಗುವಿನ ಒಂದು ದವಡೆ ಹಲ್ಲು 10 ಮಿಲಿಮೀಟರ್ ಆಸುಪಾಸು. ಬ್ರಷ್ಷಿನ ತಲೆ ಹೆಚ್ಚೆಂದರೆ ಎರಡು ಹಲ್ಲನ್ನು ಮುಚ್ಚುವಷ್ಟಿದ್ದರೆ ಅದು ಹಿಂದಿನ ಮೂಲೆಗೆ ತಿರುಗುತ್ತದೆ. ಮೂರು ಹಲ್ಲಿನಷ್ಟು ಉದ್ದವಾದರೆ ಕೆನ್ನೆಗೂ ದವಡೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಎಳೆಗಳ ದಪ್ಪವೂ ಅಷ್ಟೇ ಮುಖ್ಯ. ಮೃದು ಬ್ರಷ್ಷಿನ ಎಳೆ ಸುಮಾರು 0.2 ಮಿಲಿಮೀಟರ್, ಮೀಡಿಯಂ ಎನ್ನುವುದು 0.3. ಬರಿಗಣ್ಣಿಗೆ ಈ ವ್ಯತ್ಯಾಸ ಕಾಣದು, ಮಗುವಿನ ವಸಡಿಗೆ ಗೊತ್ತಾಗುತ್ತದೆ. ಒರಟು ಎಳೆ ತಗಲಿ ನೋವಾದ ಮಗು ಮಾರನೆಯ ದಿನದಿಂದ ಆ ಜಾಗವನ್ನು ಬಿಟ್ಟು ಉಜ್ಜುತ್ತದೆ. ಹಿಡಿಯ ವಿಷಯದಲ್ಲಿ ಲೆಕ್ಕ ತಿರುವುಮುರುವು: ಸಣ್ಣ ಕೈಗೆ ದಪ್ಪ ಹಿಡಿ ಬೇಕು, ಏಕೆಂದರೆ ಆ ವಯಸ್ಸಿನಲ್ಲಿ ಬೆರಳ ತುದಿಯ ಹಿಡಿತ ಇನ್ನೂ ಬಲಿತಿರುವುದಿಲ್ಲ, ಮಕ್ಕಳು ಮುಷ್ಟಿಯಲ್ಲೇ ಹಿಡಿಯುತ್ತಾರೆ. ಆ ಶಾಲೆಯಲ್ಲಿ ಹಂಚಿದ ಬ್ರಷ್ಷು ಈ ಮೂರು ಲೆಕ್ಕದಲ್ಲೂ ತಪ್ಪಿತ್ತು. ಕೂಸಿನ ಕಾಲಿಗೆ ಅಪ್ಪನ ಚಪ್ಪಲಿ ಹಾಕಿಸಿ ನಡೆ ಎಂದ ಹಾಗೆ.

ಹಾಗಿದ್ದರೂ ದೊಡ್ಡವರ ಬ್ರಷ್ಷನ್ನೇ ಏಕೆ ಆರಿಸುತ್ತಾರೆ? ಕಾರಣಗಳು ಸ್ಪಷ್ಟವಾಗಿವೆ, ದುರುದ್ದೇಶದವೂ ಅಲ್ಲ. ಸಗಟು ಅಂಗಡಿಯಲ್ಲಿ ಒಂದೇ ಮಾದರಿಯನ್ನು ಹೆಚ್ಚು ಸಂಖ್ಯೆಯಲ್ಲಿ ಕೊಂಡರೆ ದರ ಇಳಿಯುತ್ತದೆ. ಎರಡು ಮಾದರಿಯಾದರೆ ಹೆಸರು ಒತ್ತಿಸಲು ಎರಡು ಅಚ್ಚು ಬೇಕು. ದೊಡ್ಡವರ ಬ್ರಷ್ಷಿನ ಹಿಡಿ ನೇರ, ಚಪ್ಪಟೆ. ಸಂಸ್ಥೆಯ ಪೂರ್ತಿ ಹೆಸರು ಒಂದೇ ಸಾಲಿನಲ್ಲಿ ಕೂರುತ್ತದೆ. ಮಕ್ಕಳ ಬ್ರಷ್ಷಿನ ಹಿಡಿ ಗಿಡ್ಡ, ಬಳುಕು, ರಬ್ಬರಿನ ಹೊದಿಕೆ ಬೇರೆ. ಅದರ ಮೇಲೆ ಅಕ್ಷರ ನಿಲ್ಲುವುದು ಕಷ್ಟ. ಕೊನೆಯದಾಗಿ ಒಂದು ಸಮಾಧಾನದ ಮಾತು: ದೊಡ್ಡದನ್ನು ಕೊಟ್ಟರೆ ಮನೆಯವರೆಲ್ಲ ಬಳಸಬಹುದು, ಮಗು ಬೆಳೆದ ಮೇಲೂ ಆಗುತ್ತದೆ.

ಈ ಕೊನೆಯ ಮಾತೇ ಹೆಚ್ಚು ಅಪಾಯದ್ದು. ಬ್ರಷ್ಷಿನ ಆಯುಸ್ಸು ಮೂರು ನಾಲ್ಕು ತಿಂಗಳು. ಎಳೆಗಳು ಬಾಗಿ ಹರಡಿಕೊಂಡ ಮೇಲೆ ಅದು ಕೊಳೆ ತೆಗೆಯುವುದಿಲ್ಲ. ‘ಬೆಳೆದ ಮೇಲೆ ಆಗುತ್ತದೆ’ ಎಂದು ದೊಡ್ಡ ಅಂಗಿ ಹೊಲಿಸಬಹುದು, ಬ್ರಷ್ಷಿಗೆ ಆ ಲೆಕ್ಕ ಹೊಂದದು. ‘ಮನೆಯವರೆಲ್ಲ ಬಳಸಬಹುದು’ ಎಂಬುದಂತೂ ಆಗಬಾರದ ಸಂಗತಿ. ಬಚ್ಚಲ ಗೂಡಿನಲ್ಲಿ ಒಂದೇ ಡಬ್ಬಿ, ಅದರಲ್ಲಿ ಒಂದೇ ಬಣ್ಣದ ಎರಡು ಮೂರು ಬ್ರಷ್ಷು, ಯಾವುದು ಯಾರದೆಂಬ ಗುರುತಿಲ್ಲ: ಇಂಥ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಣ್ಣ ತಮ್ಮ ಇಬ್ಬರಿಗೂ ಶಾಲೆಯಲ್ಲಿ ಒಂದೇ ಬಗೆಯ ಬ್ರಷ್ಷು ಸಿಕ್ಕರೆ ಗೊಂದಲ ಇನ್ನೂ ಹೆಚ್ಚು. ಒಬ್ಬರ ಬ್ರಷ್ಷನ್ನು ಇನ್ನೊಬ್ಬರು ಬಳಸಿದರೆ ಒಬ್ಬರ ಬಾಯಿಯ ರೋಗಾಣು ಇನ್ನೊಬ್ಬರ ಬಾಯಿಗೆ ಹೋಗುತ್ತದೆ. ವಸಡಿನಲ್ಲಿ ರಕ್ತ ಬರುವವರಿದ್ದರೆ ಅಪಾಯ ಇನ್ನೂ ದೊಡ್ಡದು.

ದೊಡ್ಡವರ ಬ್ರಷ್ಷಿನ ಪರವಾಗಿ ಹೇಳಬೇಕಾದ ಮಾತೂ ಇದೆ, ಅದನ್ನು ಬಿಡುವ ಹಾಗಿಲ್ಲ. ಈ ಸೀಮೆಯಲ್ಲಿ ಹಲ್ಲುಜ್ಜುವುದೆಂದರೆ ಬಹುಕಾಲ ಬೇವಿನ ಕಡ್ಡಿ, ಹೊಂಗೆ ಕಡ್ಡಿ, ಇದ್ದಿಲು, ಉಪ್ಪು, ಬೂದಿ. ಆಮೇಲೆ ಬಂದದ್ದು ಹಲ್ಲುಪುಡಿ. ಗುಂಡ್ಲುಪೇಟೆಯಿಂದಲೂ ಚಾಮರಾಜನಗರದಿಂದಲೂ ಮೈಸೂರಿಗೆ ಹೋಗುವ ದಾರಿಯಲ್ಲೇ ಸಿಗುವ ನಂಜನಗೂಡಿನಲ್ಲಿ ಬಿ.ವಿ. ಪಂಡಿತರು 1913ರಲ್ಲಿ ಆರಂಭಿಸಿದ ಸದ್ವೈದ್ಯಶಾಲೆಯ ನಂಜನಗೂಡು ಹಲ್ಲುಪುಡಿ ಹಳೆಯ ಮೈಸೂರಿನ ಮನೆಮನೆಯ ಗೂಡಿನಲ್ಲಿತ್ತು. ಪುಡಿಗೆ ಬೆರಳೇ ಬ್ರಷ್ಷು. ಇಂದಿಗೂ ಹಳ್ಳಿಯ ಹಿರಿಯರಲ್ಲಿ ಎಷ್ಟೋ ಜನಕ್ಕೆ ಬೆರಳೇ ರೂಢಿ. ಜೊತೆಗೆ ಎಲೆ ಅಡಿಕೆ, ಹೊಗೆಸೊಪ್ಪು, ಕಡ್ಡಿಪುಡಿಯ ಚಟ. ಹೊಲದ ಕೆಲಸಕ್ಕೆ ಹೋಗುವ ಹೆಂಗಸರೂ ಗಂಡಸರೂ ಹಸಿವು ದಣಿವು ಮರೆಯಲು ದವಡೆಯಲ್ಲಿ ಇಟ್ಟುಕೊಳ್ಳುವ ಹೊಗೆಸೊಪ್ಪು ವಸಡನ್ನು ಸವೆಸುತ್ತದೆ, ಬಾಯಿಯ ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಇವರ ಬಾಯಿ ನೋಡುವವರೂ ಬೇಕು, ಇವರಿಗೂ ಬ್ರಷ್ಷು ಬೇಕು. ಕರ್ನಾಟಕ ಸರ್ಕಾರ ಬಡ ಹಿರಿಯರಿಗೆ ಉಚಿತವಾಗಿ ಕಟ್ಟುಹಲ್ಲು ಕೊಡುವ ‘ದಂತ ಭಾಗ್ಯ’ ಯೋಜನೆ ತಂದಿತು. ಹಲ್ಲೆಲ್ಲ ಹೋದ ಮೇಲೆ ಹಲ್ಲು ಕಟ್ಟಿಸುವುದು ಒಳ್ಳೆಯ ಕೆಲಸ. ನಲವತ್ತರಲ್ಲೇ ವಸಡು ಉಳಿಸಿದರೆ ಅದಕ್ಕಿಂತ ಒಳ್ಳೆಯದು.

ಆದ್ದರಿಂದ ದೊಡ್ಡವರ ಬ್ರಷ್ಷಿಗೆ ಸರಿಯಾದ ಜಾಗಗಳಿವೆ. ಚಾಮರಾಜನಗರದ ಚಾಮರಾಜೇಶ್ವರ ರಥೋತ್ಸವ ಆಷಾಢದಲ್ಲಿ ನಡೆಯುತ್ತದೆ. ಹೊಸದಾಗಿ ಮದುವೆಯಾದ ಜೋಡಿಗಳು ಜಿಲ್ಲೆಯ ಮೂಲೆಮೂಲೆಯಿಂದ ಬರುವ ಜಾತ್ರೆ ಅದು. ಹೊಸ ಸಂಸಾರ ಹೂಡುವ ಇಬ್ಬರಿಗೆ ಎರಡು ಬಣ್ಣದ ಎರಡು ಮೃದು ಬ್ರಷ್ಷು ಕೊಡುವುದಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ಬೇಡ. ಗರ್ಭಿಣಿಯರಲ್ಲಿ ವಸಡು ಊದಿ ರಕ್ತ ಬರುವುದು ಸಾಮಾನ್ಯವಾದ್ದರಿಂದ ಆಶಾ ಕಾರ್ಯಕರ್ತೆಯರ ಮೂಲಕ ಅವರಿಗೂ ಕೊಡಬಹುದು. ತೆರಕಣಾಂಬಿ, ಬೇಗೂರು, ಹಂಗಳದಂಥ ಕಡೆ ಸಂತೆಗೆ, ಸೊಸೈಟಿಗೆ ಬರುವ ರೈತರಿಗೆ, ಹೂವು ಬಿಡಿಸುವ ಕೂಲಿ ಹೆಣ್ಣುಮಕ್ಕಳಿಗೆ ಕೊಡಬಹುದು. ಹೈಸ್ಕೂಲು ಮಕ್ಕಳಿಗೂ ಆಗುತ್ತದೆ. ಇಲ್ಲೆಲ್ಲ ದೊಡ್ಡವರ ಬ್ರಷ್ಷು ಸರಿ. ಪ್ರಾಥಮಿಕ ಶಾಲೆಯ ಅಂಗಳದಲ್ಲಿ ಮಾತ್ರ ಅದು ತಪ್ಪು.

ಮಕ್ಕಳ ಬ್ರಷ್ ಆರಿಸಿದೊಡನೆ ಎಲ್ಲ ಸರಿಹೋಯಿತು ಎಂದುಕೊಳ್ಳುವಂತಿಲ್ಲ. ಮಕ್ಕಳದೆಂದು ಮಾರುವ ಅಗ್ಗದ ಬ್ರಷ್ಷುಗಳಲ್ಲಿ ಹಿಡಿಯ ಮೇಲೆ ಆನೆ, ಮೊಲ, ಕಾರ್ಟೂನು ಇರುತ್ತವೆ. ತಲೆ ಮಾತ್ರ ದೊಡ್ಡವರದಷ್ಟೇ ಇರುತ್ತದೆ, ಎಳೆಯೂ ಒರಟೇ. ಕೊಳ್ಳುವವರು ಬಣ್ಣ ನೋಡಿ ಮರುಳಾಗಬಾರದು. ಒಂದು ಬ್ರಷ್ಷನ್ನು ಬಿಚ್ಚಿ ಎಳೆಗಳನ್ನು ಹೆಬ್ಬೆರಳಿನ ಉಗುರಿನ ಬುಡದ ಚರ್ಮದ ಮೇಲೆ ಒತ್ತಿ ಎಳೆದು ನೋಡಬೇಕು. ಚುಚ್ಚಿದರೆ ಅದು ಮಗುವಿಗೆ ಬೇಡ. ಎಳೆಗಳ ತುದಿ ದುಂಡಗಿರಬೇಕು, ಎಳೆದರೆ ಕಿತ್ತು ಬರಬಾರದು, ಹಿಡಿಯ ಮೇಲೆ ಒತ್ತಿದ ಬಣ್ಣ ಒದ್ದೆ ಕೈಗೆ ಅಂಟಬಾರದು. ಐದು ನಿಮಿಷದ ಈ ಪರೀಕ್ಷೆಗೆ ಯಾವ ತಜ್ಞರೂ ಬೇಕಿಲ್ಲ.

ಬ್ರಷ್ಷಿನ ಜೊತೆ ಪೇಸ್ಟು ಕೊಡುವವರು ಇನ್ನೊಂದು ಎಚ್ಚರ ವಹಿಸಬೇಕು. ಜಾಹೀರಾತುಗಳಲ್ಲಿ ಬ್ರಷ್ಷಿನ ಈ ತುದಿಯಿಂದ ಆ ತುದಿವರೆಗೆ ಪೇಸ್ಟು ಹಾಕಿ ತೋರಿಸುತ್ತಾರೆ. ಮಗುವಿಗೆ ಅಷ್ಟು ಬೇಡವೇ ಬೇಡ. ಮೂರು ವರ್ಷದೊಳಗಿನ ಕೂಸಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿ ಕಾಳಿನಷ್ಟು ಸಾಕು. ಹಲ್ಲು ಗಟ್ಟಿ ಮಾಡುವ ಫ್ಲೋರೈಡ್ ಇರುವ ಪೇಸ್ಟೇ ಬೇಕು. ಆದರೆ ಸಣ್ಣ ಮಕ್ಕಳು ಉಗುಳುವುದಕ್ಕಿಂತ ನುಂಗುವುದೇ ಹೆಚ್ಚು. ಹೆಚ್ಚು ಫ್ಲೋರೈಡ್ ಹೊಟ್ಟೆಗೆ ಹೋದರೆ ಮುಂದೆ ಬರುವ ಹಲ್ಲಿನ ಮೇಲೆ ಬಿಳಿ, ಕಂದು ಕಲೆ ಮೂಡುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರಿಲ್ಲದ ಕಡೆಯೂ 1.5 ದಾಟಬಾರದು ಎಂಬುದು ನಮ್ಮ ದೇಶದ ಮಾನದಂಡ. ಆಳದ ಕೊಳವೆಬಾವಿ ನೀರನ್ನೇ ನಂಬಿದ ಊರುಗಳಲ್ಲಿ ಪೇಸ್ಟು ಹಂಚುವ ಮುನ್ನ ನೀರಿನ ಪರೀಕ್ಷಾ ವರದಿ ಕೇಳುವುದು ಒಳ್ಳೆಯದು.

ಕಂಪನಿಗಳೇ ಶಾಲೆಗೆ ಹೋಗಿ ಹಲ್ಲಿನ ಪಾಠ ಹೇಳುವುದು ನಮ್ಮ ದೇಶದಲ್ಲಿ ಹೊಸದಲ್ಲ. ಕೋಲ್ಗೇಟ್ ಕಂಪನಿಯ ಶಾಲಾ ಕಾರ್ಯಕ್ರಮ 1976ರಿಂದ ನಡೆದುಬಂದಿದೆ. ಪಾಠ ಹೇಳಿ ಬ್ರಷ್ಷು ಪೇಸ್ಟು ಕೊಡುವ ಈ ಮಾದರಿಯಿಂದ ಎಷ್ಟೋ ಮಕ್ಕಳು ಮೊದಲ ಸಲ ಬ್ರಷ್ ಹಿಡಿದದ್ದು ನಿಜ, ಅದನ್ನು ಗೌರವದಿಂದಲೇ ಹೇಳಬೇಕು. ಆದರೆ ಈ ಮಾದರಿಯ ಮಿತಿಯನ್ನೂ ಹೇಳಬೇಕು. ಕಂಪನಿಯ ಹೆಸರು ಮಗುವಿನ ಮನಸ್ಸಿನಲ್ಲಿ ಜೀವನಪೂರ್ತಿ ಕೂರುತ್ತದೆ, ಬ್ರಷ್ಷು ಮಾತ್ರ ಒಂದೇ ಸಲ ಬರುತ್ತದೆ. ದಂತವೈದ್ಯ ಪರಿಷತ್ತು ನಡೆಸಿ 2002–03ರ ಹೆಸರಿನಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 12 ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹುಳುಕು ಹಲ್ಲಿತ್ತು. ಬ್ರಷ್ಷು ಕೈಗೆ ಬಂದರಷ್ಟೇ ಸಾಲದು ಎಂಬುದಕ್ಕೆ ಈ ಲೆಕ್ಕವೇ ಸಾಕ್ಷಿ.

ಸ್ಕಾಟ್ಲೆಂಡಿನಲ್ಲಿ ‘ಚೈಲ್ಡ್‌ಸ್ಮೈಲ್’ ಎಂಬ ಸರ್ಕಾರಿ ಕಾರ್ಯಕ್ರಮವಿದೆ. ಅಲ್ಲಿ ಮಗುವಿಗೆ ಐದು ತುಂಬುವುದರೊಳಗೆ ಹಲವು ಸಲ ಬ್ರಷ್ಷು ಪೇಸ್ಟು ಮನೆಗೆ ಕೊಡುತ್ತಾರೆ. ಅಷ್ಟಕ್ಕೇ ಬಿಡದೆ ಶಿಶುವಿಹಾರದಲ್ಲಿ ದಿನವೂ ಸಿಬ್ಬಂದಿಯ ಕಣ್ಣೆದುರು ಮಕ್ಕಳಿಂದ ಹಲ್ಲುಜ್ಜಿಸುತ್ತಾರೆ. ಪ್ರತಿ ಮಗುವಿನ ಬ್ರಷ್ಷಿಗೂ ಬೇರೆ ಗುರುತು, ಒಂದಕ್ಕೊಂದು ತಗಲದಂತೆ ಇಡಲು ಸ್ಟ್ಯಾಂಡು. ಕೊಡುವುದು, ಉಜ್ಜಿಸುವುದು, ಬದಲಾಯಿಸುವುದು ಮೂರೂ ಸೇರಿದಾಗ ಮಾತ್ರ ಬ್ರಷ್ಷಿಗೆ ಅರ್ಥ ಬರುತ್ತದೆ ಎಂಬುದನ್ನು ಅಲ್ಲಿ ನೋಡಬಹುದು.

ಇದು ನಮ್ಮಲ್ಲಿ ಆಗದ ಮಾತೇನಲ್ಲ. ಅಂಗನವಾಡಿಯಿದೆ, ಅಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿದ್ದಾರೆ, ಕರೆತರುವ ತಾಯಿಯೋ ಅಜ್ಜಿಯೋ ಇರುತ್ತಾರೆ. ಶಾಲೆಯಲ್ಲಿ ಬಿಸಿಯೂಟವಿದೆ, ಊಟಕ್ಕೆ ಮುಂಚೆ ಕೈ ತೊಳೆಸುವ ನಲ್ಲಿಯಿದೆ. ಬಂಡೀಪುರದ ಕಾಡಂಚಿನಲ್ಲೂ ಬಿಳಿಗಿರಿರಂಗನ ಬೆಟ್ಟದ ಸುತ್ತಲೂ ಸೋಲಿಗ, ಜೇನುಕುರುಬ ಮಕ್ಕಳು ಉಳಿದು ಓದುವ ಆಶ್ರಮಶಾಲೆಗಳಿವೆ. ಬೆಳಿಗ್ಗೆಯೂ ರಾತ್ರಿಯೂ ಮಕ್ಕಳು ಒಂದೇ ಸೂರಿನಡಿ ಇರುವ ಕಾರಣ ಉಜ್ಜಿಸುವ ಅಭ್ಯಾಸ ಹಾಕಿಸಲು ಇದಕ್ಕಿಂತ ಅನುಕೂಲದ ಜಾಗ ಇನ್ನೊಂದಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆ, ಅಂಗನವಾಡಿಗಳಿಗೆ ಬರುತ್ತದೆ. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹಲ್ಲಿನ ಹುಳುಕೂ ಇದೆ. ದಂತವೈದ್ಯಕೀಯ ಕಾಲೇಜು ಬೇಕೆಂದರೆ ಗುಂಡ್ಲುಪೇಟೆಯವರಾಗಲಿ ಚಾಮರಾಜನಗರದವರಾಗಲಿ ಸುಮಾರು 60 ಕಿಲೋಮೀಟರ್ ದೂರದ ಮೈಸೂರಿಗೇ ಹೋಗಬೇಕು. ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಹೊಂದಿಸಿ ಮಗುವನ್ನು ಅಷ್ಟು ದೂರ ಕರೆದೊಯ್ಯುವ ತಾಯಿಯ ಕಷ್ಟ ನೋಡಿದವರಿಗೆ ಹುಳುಕು ಬಾರದಂತೆ ತಡೆಯುವುದರ ಬೆಲೆ ಗೊತ್ತು.

ಇಷ್ಟೆಲ್ಲ ಯೋಚಿಸಿದ ಮೇಲೆ ನನ್ನ ತೀರ್ಮಾನ ಹೀಗಿದೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ಕೊಡುವುದಾದರೆ ಸಣ್ಣ ತಲೆಯ, ಮೃದು ಎಳೆಯ ಮಕ್ಕಳ ಬ್ರಷ್ಷನ್ನೇ ಕೊಡಬೇಕು. ಬರುವವರು ಯಾವ ವಯಸ್ಸಿನವರೆಂದು ಗೊತ್ತಿಲ್ಲದ ಶಿಬಿರಕ್ಕೆ ಒಂದೇ ಮಾದರಿ ಕೊಳ್ಳಬೇಕಾದರೂ ಸಣ್ಣ ತಲೆಯ ಮೃದು ಬ್ರಷ್ಷೇ ಸರಿ. ಏಕೆಂದರೆ ಇಲ್ಲಿ ನಷ್ಟ ಎರಡೂ ಕಡೆ ಸಮ ಇಲ್ಲ. ದೊಡ್ಡವರು ಸಣ್ಣ ಬ್ರಷ್ಷಿನಲ್ಲಿ ಉಜ್ಜಿದರೆ ಸ್ವಲ್ಪ ಹೊತ್ತು ಹೆಚ್ಚು ಹಿಡಿಯಬಹುದು, ಹಲ್ಲು ಮಾತ್ರ ಶುದ್ಧವಾಗುತ್ತದೆ. ಮಗು ದೊಡ್ಡ ಬ್ರಷ್ಷಿನಲ್ಲಿ ಎಷ್ಟು ಹೊತ್ತು ಉಜ್ಜಿದರೂ ಹಿಂದಿನ ದವಡೆ ಹಲ್ಲು ಹಾಗೇ ಉಳಿಯುತ್ತದೆ. ಇನ್ನೂ ಒಂದು ಮಾತು: ಏಳೆಂಟು ವರ್ಷದವರೆಗೆ ಮಗು ತಾನೊಂದೇ ಸರಿಯಾಗಿ ಉಜ್ಜಲಾರದು, ದೊಡ್ಡವರ ಕೈ ಬೇಕು. ಹಾಗಾಗಿ ಮಗುವಿಗೊಂದು, ಉಜ್ಜಿಸುವ ಅವ್ವನಿಗೊಂದು, ಹೀಗೆ ಜೋಡಿಯಾಗಿ ಕೊಟ್ಟರೆ ಅದು ಎಲ್ಲಕ್ಕಿಂತ ಉತ್ತಮ ಕೊಡುಗೆ.

ಹೆಸರಿನ ಪ್ರಶ್ನೆಗೂ ಉತ್ತರವಿದೆ. ಕೊಟ್ಟವರ ಹೆಸರು ಕಾಣಬಾರದೆಂದು ನಾನು ಹೇಳುವುದಿಲ್ಲ. ಕೈಯಿಂದ ದುಡ್ಡು ಹಾಕಿದವರು ಹೆಸರು ಬಯಸುವುದರಲ್ಲಿ ತಪ್ಪಿಲ್ಲ. ಅದನ್ನು ಕವರಿನ ಮೇಲೆ ಹಾಕಿ, ಜೊತೆಗಿಡುವ ಕಾರ್ಡಿನ ಮೇಲೆ ಹಾಕಿ. ಕಾರ್ಡಿನ ಹಿಂಬದಿಯಲ್ಲಿ ಹಲ್ಲುಜ್ಜುವ ಕ್ರಮ, ಪೇಸ್ಟಿನ ಅಳತೆ, ಬ್ರಷ್ ಬದಲಾಯಿಸಬೇಕಾದ ತಿಂಗಳು ದಪ್ಪಕ್ಷರದಲ್ಲಿರಲಿ. ಗೋಡೆಗೆ ಅಂಟಿಸುವಂಥ ಕಾರ್ಡಾದರೆ ಹೆಸರು ವರ್ಷಪೂರ್ತಿ ಉಳಿಯುತ್ತದೆ. ಹಿಡಿಯ ಮೇಲಿನ ಅಕ್ಷರ ಒದ್ದೆ ಹೆಬ್ಬೆರಳಿಗೆ ಸವೆದು ಕೆಲವೇ ವಾರಗಳಲ್ಲಿ ಮಾಸುತ್ತದೆ. ಹಿಡಿಯನ್ನು ಖಾಲಿ ಬಿಡಿ. ಅಲ್ಲಿ ಮಗುವಿನ ಹೆಸರು ಬರೆಯಲು ಜಾಗವಿರಲಿ, ಮೇಷ್ಟ್ರು ಮಾರ್ಕರ್ ಪೆನ್ನಿನಲ್ಲಿ ಬರೆದುಕೊಡಲಿ. ಅಣ್ಣನದು ಯಾವುದು ತಂಗಿಯದು ಯಾವುದು ಎಂಬ ಗೊಂದಲ ಅಲ್ಲಿಗೆ ಮುಗಿಯುತ್ತದೆ.

ಕೊನೆಗೆ ಬ್ರಷ್ ಹಂಚಲು ಹೊರಟಿರುವ ಸಂಘ ಸಂಸ್ಥೆಗಳಿಗೆ, ಅಂಗಡಿಯವರಿಗೆ, ದಾನಿಗಳಿಗೆ ಒಂದು ಕೋರಿಕೆ. ಇನ್ನೂರು ಬ್ರಷ್ಷಿಗಾಗುವಷ್ಟು ಹಣ ನಿಮ್ಮಲ್ಲಿದ್ದರೆ ಒಂದೇ ದಿನ ಇನ್ನೂರು ಮಕ್ಕಳಿಗೆ ಕೊಟ್ಟು ಮರಳಬೇಡಿ. ಒಂದು ಶಾಲೆ, ಐವತ್ತು ಮಕ್ಕಳು, ಮೂರು ತಿಂಗಳಿಗೊಮ್ಮೆ ಒಂದೊಂದರಂತೆ ವರ್ಷಕ್ಕೆ ನಾಲ್ಕು ಬ್ರಷ್ಷು ಎಂದು ಗೊತ್ತು ಮಾಡಿಕೊಳ್ಳಿ. ಹೋದಾಗಲೆಲ್ಲ ಹಳೆಯ ಬ್ರಷ್ಷನ್ನು ವಾಪಸ್ ತರಿಸಿ ಎಳೆಗಳನ್ನು ನೋಡಿ. ಬಳಸಿ ಬಾಗಿದ ಎಳೆಗಳು ಕಂಡರೆ ನಿಮ್ಮ ಕೊಡುಗೆ ಸಂದಿದೆ ಎಂದರ್ಥ. ಹೊಸದಾಗಿಯೇ ಉಳಿದಿದ್ದರೆ ಮುಂದಿನ ಸಲ ಬ್ರಷ್ಷಿಗಿಂತ ಮೊದಲು ಹಲ್ಲುಜ್ಜುವ ಪಾಠ ಕೊಡಿ.